ಸ್ಟುಡಿಯೋದೊಳಗೆ ಒಂದು ಉಡಿ ಮೆಣಸಿನಕಾಯಿ

ಸುಮ್ಮನಿರುವುದಕ್ಕೂ ಒಂದು ಕಟ್ಟಡ ಬೇಕಾಗುತ್ತದೆ ಎಂಬುದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ನಾನು ಹುಟ್ಟಿದ ಮನೆಯಲ್ಲಾಗಲಿ, ಸೇರಿದ ಮನೆಯಲ್ಲಾಗಲಿ ಯಾರೂ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಎಮ್ಮೆ ಸುಮ್ಮನಾದರೆ ಅದಕ್ಕೆ ಮೈಯಲ್ಲಿ ಆರಾಮಿಲ್ಲ, ಕೂಸು ಸುಮ್ಮನಾದರೆ ಅದು ಏನನ್ನೋ ಬಾಯಿಗೆ ಹಾಕಿಕೊಂಡಿದೆ, ಗಂಡ ಸುಮ್ಮನಾದರೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ. ಹೀಗೆ ನಮ್ಮಲ್ಲಿ ಮೌನವೆಂದರೆ ಎದ್ದು ಹೋಗಿ ನೋಡಬೇಕಾದ ಸಂಗತಿ. ಅಂಥ ಮೌನವನ್ನು ದಪ್ಪ ಗೋಡೆ ಕಟ್ಟಿ, ಎರಡೆರಡು ಕದ ಹಾಕಿ, ತಂಪು ಗಾಳಿ ಬಿಟ್ಟು ಕೆಡದಂತೆ ಇಟ್ಟುಕೊಳ್ಳುವ ಸರ್ಕಾರಿ ಜಾಗವೊಂದು ನಮ್ಮ ಬ್ಯಾಡಗಿಯಲ್ಲಿದೆ. ಅದಕ್ಕೆ ರೇಡಿಯೋ ಕೇಂದ್ರ ಎನ್ನುತ್ತಾರೆ. ಊರಲ್ಲಿ ಮೆಣಸಿನಕಾಯಿ ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜುಗಳು ಬೇಕಾದಷ್ಟಿವೆ. ಇದು ಮೌನದ ಕೋಲ್ಡ್ ಸ್ಟೋರೇಜು, ಅಷ್ಟೇ ವ್ಯತ್ಯಾಸ.

ನಾನು ಕಲಿತದ್ದು ಮೂರನೆಯ ಇಯತ್ತೆ. ಅಲ್ಲಿಂದ ಮುಂದೆ ಕಲಿತದ್ದೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ಕೂತ ಹೆಂಗಸರಿಂದ. ಸಾಲೆ ಬಿಟ್ಟದ್ದಕ್ಕೆ ನಾನೇನೂ ಅತ್ತವಳಲ್ಲ. ಮಾಸ್ತರರು ಹೊಡೆಯುತ್ತಿದ್ದರು, ಮೆಣಸಿನಕಾಯಿ ಹೊಡೆಯುತ್ತಿರಲಿಲ್ಲ. ನಮ್ಮ ಊರಿನ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಅಷ್ಟಕ್ಕಷ್ಟೇ. ಆದರೆ ಸುಗ್ಗಿಯಲ್ಲಿ ನಾಲ್ಕು ದಿಕ್ಕಿನಿಂದಲೂ ಗಾಡಿ ಗಾಡಿ ಕಾಯಿ ಬಂದು ಬೀಳುತ್ತದೆ, ಗಿರಣಿಗಳು ಅದನ್ನು ಪುಡಿ ಮಾಡುತ್ತವೆ, ಊರ ಮೇಲೆ ಘಾಟು ಸೆರಗು ಹೊದಿಸಿದಂತೆ ಕೂತುಬಿಡುತ್ತದೆ. ಹೊರಗಿನವರು ಬಸ್ಸಿಳಿದ ಕೂಡಲೇ ಸೀನುತ್ತಾರೆ. ನಾವು ಅದೇ ಗಾಳಿಯಲ್ಲಿ ಉಂಡು, ಮಲಗಿ, ಜಗಳಾಡಿ, ಮಕ್ಕಳನ್ನು ಹೆತ್ತವರು. ನಮ್ಮ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ರೇಡಿಯೋ ಕೇಂದ್ರ ನಿಂತಿರುವ ಜಾಗ ಮೊದಲು ಬಯಲಾಗಿತ್ತು. ಸುಗ್ಗಿ ಬಂದರೆ ಅಲ್ಲಿ ಕಾಯಿ ಹರವುತ್ತಿದ್ದೆವು. ದೂರದಿಂದ ನೋಡಿದರೆ ನೆಲಕ್ಕೆ ಯಾರೋ ಕುಂಕುಮ ಬಳಿದಂತೆ ಕಾಣುತ್ತಿತ್ತು. ಜಾಗ ನೋಡಲು ಸಾಹೇಬರುಗಳು ಬಂದದ್ದು ಮಾತ್ರ ಶ್ರಾವಣದಲ್ಲಿ. ಆಗ ಅಲ್ಲಿ ಒಂದು ಕಾಯಿಯೂ ಇರಲಿಲ್ಲ, ಮೊಣಕಾಲುದ್ದ ಹುಲ್ಲಿತ್ತು. ನಾನೂ ಗಂಗಕ್ಕನೂ ಎಮ್ಮೆಗೆಂದು ಹುಲ್ಲು ಕೊಯ್ಯುತ್ತಿದ್ದೆವು. ಗಂಗಕ್ಕ ಅಂದರೆ ನಮ್ಮ ಪಕ್ಕದ ಮನೆಯವಳು, ಕದರಮಂಡಲಗಿಯ ಹೆಣ್ಣು. ನನ್ನ ಜೊತೆ ತೊಟ್ಟು ಬಿಡಿಸುತ್ತ ಬಿಡಿಸುತ್ತ ಮುದುಕಿಯಾದವಳು. ಜಾಗ ನೋಡಲು ಬಂದವರಲ್ಲೊಬ್ಬ ಕನ್ನಡಕದ ಸಾಹೇಬರು ಗಾಳಿಯನ್ನು ಉದ್ದಕ್ಕೆ ಒಳಗೆಳೆದುಕೊಂಡು, "ಏನಮ್ಮಾ, ಇಲ್ಲಿ ಯಾವಾಗಲೂ ಹೀಗೇ ಪ್ರಶಾಂತವಾಗಿರುತ್ತಾ?" ಎಂದು ಕೇಳಿದರು.

ಗಂಗಕ್ಕ ಕುಡುಗೋಲು ಕೆಳಗಿಟ್ಟು, "ಹೌದ್ರಿ ಸಾಹೇಬ್ರ, ಈ ದಿವಸದಾಗ ಇಲ್ಲಿ ಯಾರು ಬರ್ತಾರ್ರಿ? ಸುಗ್ಗಿಗೆ ಬಂದು ನೋಡ್ರಿ" ಎಂದಳು. ಅವರು "ಹೌದ್ರಿ" ಎಂಬಲ್ಲಿಗೇ ತೃಪ್ತರಾಗಿ ಜೀಪು ಹತ್ತಿದರು. ಸುಗ್ಗಿಗೆ ಬಂದು ನೋಡಲಿಲ್ಲ. ಸುಗ್ಗಿಗೆ ಬಂದದ್ದು ಕಟ್ಟಡ ಮುಗಿದ ಮೇಲೆ, ಉದ್ಘಾಟನೆಗೆ.

ಆ ಉದ್ಘಾಟನೆಯನ್ನು ನಾವು ಕಂಪೌಂಡಿನ ಹೊರಗೆ ನಿಂತು ನೋಡಿದೆವು. ನನ್ನ ಮೂರನೆಯ ಕೂಸು ಆಗ ಬಗಲಲ್ಲಿತ್ತು. ಮುಖ್ಯ ಅತಿಥಿಗಳಿಗೆ ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕಿದರು. ಅವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು, ಇನ್ನೊಮ್ಮೆ ಸರಿಮಾಡಿಕೊಂಡರು, ಆಮೇಲೆ ಅವರ ಗಂಟಲು ಅವರ ಮಾತು ಕೇಳುವುದನ್ನೇ ಬಿಟ್ಟಿತು. ಹೀಗಾಗಿ ನಮ್ಮ ಕೇಂದ್ರ ಲೋಕಕ್ಕೆ ಹೇಳಿದ ಮೊದಲ ಮಾತು ಕೆಮ್ಮು. ಯಾರೋ ಕಿವಿಯಲ್ಲಿ ಹೇಳಿದರೆಂದು ಕಾಣುತ್ತದೆ, ಅತಿಥಿಗಳು ಕೊರಳ ಹಾರದಿಂದಲೇ ಒಂದೊಂದು ಏಲಕ್ಕಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತ ಭಾಷಣ ಮುಂದುವರಿಸಿದರು. ಸಭೆ ಮುಗಿಯುವಾಗ ಹಾರದ ಒಂದು ಮಗ್ಗುಲು ಬೋಳಾಗಿ ಬರೀ ದಾರ ಉಳಿದಿತ್ತು.

ಅಲ್ಲಿಂದ ಇಲ್ಲಿಯವರೆಗೆ ಬಂದ ಪ್ರತಿಯೊಬ್ಬ ಸಾಹೇಬರೂ ಘಾಟಿನ ಜೊತೆ ಯುದ್ಧ ಮಾಡಿದ್ದಾರೆ. ಒಬ್ಬರು ಕಂಪೌಂಡು ಎತ್ತರಿಸಿದರು. ಘಾಟು ಅದರ ಮೇಲಿಂದ ಬಂತು. ಒಬ್ಬರು ಕದಗಳ ಅಂಚಿಗೆ ರಬ್ಬರು ಹಾಕಿಸಿದರು. ಒಬ್ಬರು ಸುತ್ತ ಗಿಡ ನೆಡಿಸಿದರು. ಗಿಡಗಳು ಚೆನ್ನಾಗಿ ಬೆಳೆದವು, ಅವಕ್ಕೂ ನಮ್ಮ ಗಾಳಿ ಒಗ್ಗಿತು. ತಂಪು ಮಾಡುವ ದೊಡ್ಡ ಮಿಷನ್ನು ತಂದು ಕೂರಿಸಿದರು. ಅದು ಉಸಿರು ಎಳೆದುಕೊಳ್ಳುವ ಬಾಯಿ ಗಿರಣಿಯ ದಿಕ್ಕಿಗಿತ್ತು. ಒಂದು ಸುಗ್ಗಿ ಪೂರ್ತಿ ಘಾಟನ್ನು ಹೊರಗಿನಿಂದ ತಂದು, ತಣ್ಣಗೆ ಮಾಡಿ, ಒಳಗಿನವರಿಗೆ ಕೊಟ್ಟಿತು. ಆಮೇಲೆ ಬಾಯಿ ತಿರುಗಿಸಿದರು. ಇಷ್ಟಾದರೂ ಸುಗ್ಗಿಯಲ್ಲಿ ರೇಡಿಯೋ ಹಚ್ಚಿದರೆ ಮಾತಿನ ನಡುವೆ ತಟ್ಟನೆ ಒಂದು ಹಾಡು ಬರುವುದುಂಟು. ಮಾತಾಡುವವರು ಕೆಮ್ಮಲು ಹೋಗಿದ್ದಾರೆಂದು ಊರಿಗೆಲ್ಲ ಗೊತ್ತು.

ಒಮ್ಮೆ ಊರವರನ್ನೆಲ್ಲ ಒಳಗೆ ಬಿಟ್ಟು ಕೇಂದ್ರ ತೋರಿಸಿದ್ದರು. ಗೋಡೆಗೆ ತೂತು ತೂತಿನ ಹಲಗೆ, ನೆಲಕ್ಕೆ ಹಾಸು, ಮಾತಾಡುವವರ ಕೋಣೆಗೂ ಮಿಷನ್ನಿನವರ ಕೋಣೆಗೂ ನಡುವೆ ದೊಡ್ಡ ಗಾಜು. ಆಚೆಯವರು ಈಚೆಯವರಿಗೆ ಕೈ ಮಾಡಿ ಹೇಳುತ್ತಾರೆ, ಅತ್ತೆ ಸೊಸೆ ಮಾತು ಬಿಟ್ಟ ಮನೆಯ ಹಾಗೆ. ಹಾಡಿನವರಿಗೆ ಬೇರೆ ಸ್ಟುಡಿಯೋ, ಮಾತಿನವರಿಗೆ ಬೇರೆ, ನಾಟಕದವರಿಗೆ ಬೇರೆ. ಆ ನಾಟಕದ ಕೋಣೆಯಲ್ಲಿ ಒಂದು ಮೆಟ್ಟಿಲಿದೆ. ಹತ್ತಿದೆ. ಮೇಲೆ ಏನೂ ಇಲ್ಲ, ಗೋಡೆ. ಒಂದು ಕದ ಇದೆ, ತೆರೆದರೆ ಅದರ ಹಿಂದೆಯೂ ಗೋಡೆ. ನಾನು ಕೇಳಿದ್ದಕ್ಕೆ, ಮೆಟ್ಟಿಲು ಹತ್ತುವ ಸಪ್ಪಳಕ್ಕೆ ಅದು, ಕದ ತೆರೆಯುವ ಸಪ್ಪಳಕ್ಕೆ ಇದು ಎಂದರು. ಎಲ್ಲಿಗೂ ಮುಟ್ಟಿಸದ ಮೆಟ್ಟಿಲನ್ನು ಸರ್ಕಾರ ಬೇಕೆಂದೇ ಕಟ್ಟಿಸಿದ್ದನ್ನು ನಾನು ಕಂಡದ್ದು ಅದೊಂದೇ ಕಡೆ.

ಇಷ್ಟು ಇತಿಹಾಸ ನನಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಊರಿಗೂ ಗೊತ್ತಿತ್ತು. ನನ್ನ ಪಾಡಿಗೆ ನಾನು ಇದ್ದೆ. ನಡುವೆ ಬಂದವಳು ರೇಖಾ.

ರೇಖಾ ನನ್ನ ಮಗಳ ಮಗಳು. ಮಗಳನ್ನು ಕೊಟ್ಟದ್ದು ರಾಣೆಬೆನ್ನೂರಿಗೆ, ಅರಿವೆ ಅಂಗಡಿಯವರ ಮನೆಗೆ. ಸುಗ್ಗಿ ಬಂತೆಂದರೆ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದುಬಿಡುತ್ತಿದ್ದಳು. ಹೀಗಾಗಿ ರೇಖಾ ಅಂಬೆಗಾಲಿಟ್ಟದ್ದೇ ಮೆಣಸಿನಕಾಯಿ ರಾಶಿಯ ಸುತ್ತ. ಓದು ಮುಗಿಸಿದ ಮೇಲೆ ರೇಡಿಯೋದಲ್ಲಿ ಮಾತಾಡುತ್ತೇನೆ ಎಂದು ಹಟ ಹಿಡಿದು, ಪರೀಕ್ಷೆ ಕೊಟ್ಟು, ಆಗೊಮ್ಮೆ ಈಗೊಮ್ಮೆ ಕರೆಸಿಕೊಳ್ಳುವ ಕೆಲಸ ಹಿಡಿದಳು. ನಮ್ಮ ಮನೆಯಲ್ಲೇ ಇರುತ್ತಾಳೆ. ಅವಳ ಆಸೆಯೆಲ್ಲ ಬೆಳಗಿನ ಕಾರ್ಯಕ್ರಮದ ಮೇಲೆ. ಊರು ಏಳುವಾಗ ಕೇಳುವ ಮೊದಲ ದನಿ ತನ್ನದಾಗಬೇಕಂತೆ. ಕೊಟ್ಟದ್ದು ಮಾತ್ರ ಮಧ್ಯಾಹ್ನದ್ದು, ಜನ ಉಂಡು ಅಡ್ಡಾಗುವ ಹೊತ್ತಿನ ಪೇಟೆ ಧಾರಣೆ.

ಈಗಿನ ನಿರ್ದೇಶಕರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಮೂಗು ಮಾತ್ರ ನಾಜೂಕು. ಅವರು ರೇಖಾಗೆ, "ನಿಮ್ಮ ಧ್ವನಿ ಚೆನ್ನಾಗಿದೆ ಕಣಮ್ಮ. ಆದರೆ ಮಾತಿನಲ್ಲಿ ಒಂಚೂರು ಊರಿನ ವಾಸನೆ ಬರುತ್ತೆ" ಎಂದಿದ್ದರಂತೆ. ಅವಳು ಬಂದು ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು.

"ವಾಸನಿ ಅವ್ರಿಗೆ ಹೆಂಗ ಬಂತವಾ?" ಎಂದೆ. "ಸುಗ್ಗ್ಯಾಗ ಅವ್ರ ಮೂಗು ಕಟ್ಟಿರತೈತಲ್ಲ."

"ಆಯೀ, ನಿನಗ ಎಲ್ಲಾದಕ್ಕೂ ನಗಿ" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. "ನನ್ನ ಹೊಟ್ಟ್ಯಾಗಿನ ಸಂಕಟ ನಿನಗೇನ್ ಗೊತ್ತು?"

"ಹೊಟ್ಟ್ಯಾಗ ಸಂಕಟ ಆದ್ರ ಮಜ್ಜಿಗಿ ಕುಡಿ" ಎಂದೆ. ನನಗೆ ಅದಕ್ಕಿಂತ ಹೆಚ್ಚು ಸಮಾಧಾನ ಮಾಡಲು ಬರುವುದಿಲ್ಲ.

ಈ ವರ್ಷ ಕೇಂದ್ರದ ಹುಟ್ಟುಹಬ್ಬ ಬಂತು. ಸುಗ್ಗಿಯಲ್ಲಿ ಉದ್ಘಾಟನೆಯಾದ ತಪ್ಪಿಗೆ ಅದರ ಹುಟ್ಟುಹಬ್ಬ ಪ್ರತಿ ವರ್ಷವೂ ಸುಗ್ಗಿಯಲ್ಲೇ ಬರುತ್ತದೆ. 'ನಮ್ಮ ಕೇಂದ್ರ: ಇತಿಹಾಸ ಮತ್ತು ಸೌಲಭ್ಯಗಳು' ಎಂದು ಒಂದು ನೇರ ಪ್ರಸಾರ ಇಟ್ಟರು. ಕೇಳುಗರು ಫೋನು ಮಾಡಿ ಪ್ರಶ್ನೆ ಕೇಳಬಹುದು. ನಡೆಸಿಕೊಡುವ ಕೆಲಸ ರೇಖಾಗೆ ಬಂತು. "ಇದನ್ನ ಸರಿಯಾಗಿ ನಿಭಾಯಿಸಿದರೆ ಬೆಳಗಿನದನ್ನ ಯೋಚನೆ ಮಾಡೋಣ" ಎಂದು ಸಾಹೇಬರು ಬಾಯಿ ಬಿಟ್ಟು ಹೇಳಿದರು. ಸೌಲಭ್ಯಗಳ ಬಗ್ಗೆ ಸಾಹೇಬರೇ ಮಾತಾಡುವವರು. ಇತಿಹಾಸಕ್ಕೆ ಹಳಬರೊಬ್ಬರು ಬೇಕು. ಆ ಬಯಲಲ್ಲಿ ಕಾಯಿ ಹರವಿದ ಹೆಂಗಸರಲ್ಲಿ ಉಳಿದದ್ದು ನಾನು, ಗಂಗಕ್ಕ. ಗಂಗಕ್ಕನಿಗೆ ಮುಂದಿನ ಹಲ್ಲಿಲ್ಲ, ಮಾತಿಗಿಂತ ಗಾಳಿ ಹೆಚ್ಚು ಬರುತ್ತದೆ. ಹೀಗಾಗಿ ಇತಿಹಾಸ ನನ್ನ ಪಾಲಿಗೆ ಬಂತು.

ಅಂದಿನಿಂದ ನನಗೆ ಸಾಲೆ ಮತ್ತೆ ಸುರುವಾಯಿತು. ರೇಖಾ ಒಲೆಯ ಮುಂದೆ, ಹಿತ್ತಲಲ್ಲಿ, ಎಮ್ಮೆ ಹಿಂಡುವಲ್ಲಿ ಬೆನ್ನು ಹತ್ತಿದಳು. "ಆಯಿ, ಸಾಹೇಬ್ರ ಪಗಾರ ಎಷ್ಟಂತ ಕೇಳಬ್ಯಾಡ. ಮಕ್ಕಳೆಷ್ಟು ಅಂತ ಕೇಳಬ್ಯಾಡ. ಉದ್ಘಾಟನಿ ದಿವಸದ ಕೆಮ್ಮಿನ ಸುದ್ದಿ ತಗೀಲೇ ಬ್ಯಾಡ."

"ಹಂಗಾರ ಏನ್ ಹೇಳ್ಲಿ? ಅಲ್ಲಿ ಆಗಿದ್ದ ಅದು."

"ಬಯಲಿತ್ತು, ಕೇಂದ್ರ ಆತು, ಊರಿಗೆ ಒಳ್ಳೇದಾತು. ಇಷ್ಟ ಹೇಳು."

"ಇಷ್ಟಕ್ಕ ನಾ ಯಾಕ? ಗ್ವಾಡಿ ಮ್ಯಾಲೆ ಬರದ್ರ ಸಾಕಾಗತಿತ್ತು."

ಅವಳು ಕೈ ಮುಗಿದಳು. "ಆಯಿ, ಖರೇನ ಹೇಳಾಕತ್ತೇನಿ, ಈ ಸಲ ಕೆಟ್ಟರ ನನ್ನ ಮತ್ತ ಪೇಟಿ ಧಾರಣಿಗೇ ಹಾಕ್ತಾರ. ಸಾಯೋತನಕ ಅರಳಿ, ಗೋವಿನಜೋಳ, ಕುಸುಬಿ ಅಂತ ಓದಿಕೋತ ಕುಂದರಬೇಕು. ನನ್ನ ಮಾನ ನಿನ್ನ ಬಾಯಾಗೈತಿ." ಅರಳಿ ಅಂದರೆ ಹತ್ತಿ. ಅದನ್ನು ಓದುತ್ತ ಮುದುಕಿಯಾಗುವ ಮೊಮ್ಮಗಳನ್ನು ಕಣ್ಣ ಮುಂದೆ ತಂದುಕೊಂಡೆ. ಬೇಡ ಅನ್ನಿಸಿತು. "ಹೂಂ, ನಡಿ" ಎಂದೆ. ಮಾತಾಡುವುದು ನನಗೇನು ಹೊಸದೇ? ಬಾಯಿ ಮುಚ್ಚಲು ಬಾರದವಳು ಎಂದು ಅತ್ತೆಯಿಂದ ಬೀಗತಿಯವರೆಗೆ ಎಲ್ಲರಿಂದಲೂ ಅನ್ನಿಸಿಕೊಂಡವಳು. ಆ ದಿನ ಬೆಳಿಗ್ಗೆ ಕೂಡ ಹಾಲಿನವನ ಜೊತೆ ಮಾತಾಡಿ ಅವನನ್ನು ತಡ ಮಾಡಿಸಿಯೇ ಕಳಿಸಿದ್ದೆ.

ಕೇಂದ್ರದ ಬಾಗಿಲಲ್ಲಿ ಮೊದಲ ತಕರಾರು ಬಂದದ್ದು ಬಳೆಗೆ. ಮೈಕಿನ ಮುಂದೆ ಗಾಜಿನ ಬಳೆ ಸದ್ದು ಮಾಡುತ್ತದಂತೆ. ತೆಗೆದಿಡಿ ಎಂದರು.

"ನಮ್ಮ ಯಜಮಾನ್ರು ಮನ್ಯಾಗ ರೇಡಿಯೋ ಮುಂದ ಗಟ್ಟಿಮುಟ್ಟಾಗಿ ಕುಂತಾರ್ರಿ ಸಾಹೇಬ್ರ" ಎಂದೆ. "ಅವರಿರೋತನಕ ಬಳಿ ತಗಿಯಾಕಿ ಅಲ್ಲ ನಾ. ಬೇಕಂದ್ರ ಇತಿಹಾಸ ನೀವ ಹೇಳ್ರಿ."

ಸಾಹೇಬರು ಗಾಬರಿಯಾಗಿ, "ಅಯ್ಯೋ, ಹಾಗಲ್ಲ ತಾಯಿ, ಬೇಡ ಬೇಡ" ಎಂದು ತಮ್ಮ ಕರವಸ್ತ್ರವನ್ನೇ ಕೊಟ್ಟರು. ರೇಖಾ ಅದನ್ನೂ ತನ್ನದನ್ನೂ ಸೇರಿಸಿ ನನ್ನ ಎರಡೂ ಮುಂಗೈಗೆ ಬಳೆಯ ಮೇಲಿಂದ ಸುತ್ತಿ ಕಟ್ಟಿದಳು. ಕೈ ಮುರಿದವಳ ಹಾಗೆ ಒಳಗೆ ಹೊರಟೆ. ನೋಡಲೆಂದು ಬಂದಿದ್ದ ಗಂಗಕ್ಕನನ್ನು ಒಳಗೆ ಬಿಡಲಿಲ್ಲ. ಅವಳು ಹೊರಗಿನ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತು, ತಂದಿದ್ದ ಚೀಲ ಬಿಚ್ಚಿ ತೊಟ್ಟು ಬಿಡಿಸತೊಡಗಿದಳು. ಕೈ ಖಾಲಿ ಇಟ್ಟುಕೊಂಡು ಕೂರುವುದು ನಮ್ಮ ಓಣಿಯ ಹೆಂಗಸರಿಗೆ ಬರುವುದಿಲ್ಲ. ಮದುವೆಮನೆಗೆ ಹೋದರೂ ಯಾರದಾದರೂ ಬೆಳ್ಳುಳ್ಳಿ ಎಳೆದುಕೊಂಡು ಸುಲಿಯುತ್ತೇವೆ.

ಒಂದು ಕದ ದಾಟಿದೆವು. ಅದು ಹಿಂದೆ ಮುಚ್ಚಿತು. ಇನ್ನೊಂದು ಕದ ದಾಟಿದೆವು. ಅದೂ ಮುಚ್ಚಿತು. ಗಾಡಿಗಳ ಸಪ್ಪಳ, ಗಿರಣಿಯ ಸಪ್ಪಳ, ಗಂಗಕ್ಕ ಕಾವಲುಗಾರನನ್ನು ಬೈಯುತ್ತಿದ್ದದ್ದು, ಎಲ್ಲ ಕತ್ತರಿಸಿದಂತೆ ನಿಂತವು. ತಣ್ಣಗೆ ಗಾಳಿ. ಘಾಟಿನ ಸುಳಿವೇ ಇಲ್ಲ. ಹಸಿರು ಅರಿವೆ ಹಾಸಿದ ಮೇಜು, ಅದರ ಮೇಲೆ ಮೈಕು. ಗಾಜಿನ ಆಚೆಯಿಂದ ಒಬ್ಬರು ಕೈ ಮಾಡಿದರು. ಕೆಂಪು ಬಲ್ಬು ಹತ್ತಿತು.

ರೇಖಾ ಚಂದಗೆ, ತಿದ್ದಿದ ಮಾತಿನಲ್ಲಿ ನಮಸ್ಕಾರ ಹೇಳಿ, ಬ್ಯಾಡಗಿಯ ಹಿರಿಯರಾದ ನೀಲವ್ವನವರು ನಮ್ಮೊಂದಿಗಿದ್ದಾರೆ ಎಂದಳು. ಸಾಹೇಬರು ನಗುತ್ತ, "ಅಜ್ಜೀ, ಈ ಜಾಗ ಮೊದಲು ಹೇಗಿತ್ತು, ಸ್ವಲ್ಪ ಹೇಳಿ" ಎಂದರು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

ಹೇಳಬೇಕಾದದ್ದೆಲ್ಲ ತಲೆಯಲ್ಲಿತ್ತು. ಬಯಲು, ಹುಲ್ಲು, ಕನ್ನಡಕದ ಸಾಹೇಬರು, ಎಲ್ಲ ಸಾಲಾಗಿ ನಿಂತಿದ್ದವು. ಆದರೆ ಮಾತು ಒಂದು ಹೆಜ್ಜೆ ಮುಂದೆ ಇಡಲೊಲ್ಲದು. ಅಂಥ ಮೌನದಲ್ಲಿ ನಾನು ಹುಟ್ಟಿದಾಗಿನಿಂದ ಕೂತವಳಲ್ಲ. ನನ್ನ ಉಸಿರೇ ನನಗೆ ಕೇಳುತ್ತಿತ್ತು, ಯಾರದೋ ಉಸಿರಿನಂತೆ. ರೇಖಾ, "ಆಯಿಯವರು ಹಳೆಯ ದಿನಗಳನ್ನು ನೆನಪು ಮಾಡಿಕೊಳ್ಳುತ್ತಿದ್ದಾರೆ" ಎಂದಳು. ನಾನು ನೆನಪು ಮಾಡಿಕೊಳ್ಳುತ್ತಲೇ ಇದ್ದೆ. ಕೊನೆಗೆ ಗಾಜಿನ ಆಚೆಯವರು ಒಂದು ಹಾಡು ಹಚ್ಚಿದರು. ಬಲ್ಬು ಆರಿತು.

"ಏನಾತು ಆಯಿ?" ರೇಖಾಳ ಮುಖ ಸುಣ್ಣವಾಗಿತ್ತು.

"ಮಾತು ಬರವಲ್ದು."

"ಯಾರಿಗೆ, ನಿನಗ?"

"ಮತ್ತ ಯಾರಿಗೆ, ನನಗ."

ಸಾಹೇಬರು ಗಡಿಯಾರ ನೋಡಿಕೊಂಡು, "ರೇಖಾ, ಹಾಡು ಮುಗಿಯೋದ್ರೊಳಗೆ ಏನಾದ್ರೂ ಮಾಡಿ. ಬೆಳಗಿನ ಕಾರ್ಯಕ್ರಮ ಬೇಕು ಅನ್ನೋರು ಇಂಥದ್ದನ್ನೆಲ್ಲ ನಿಭಾಯಿಸಬೇಕಾಗುತ್ತೆ" ಎಂದರು. ಬೈದದ್ದಲ್ಲ. ಬೈದಿದ್ದರೆ ನನಗೆ ಉತ್ತರವಾದರೂ ಹೊಳೆಯುತ್ತಿತ್ತು.

ರೇಖಾ ನನ್ನನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ತೊಡೆಯ ಮೇಲಿದ್ದ ಕೈಗಳನ್ನು. ನನಗೆ ತಿಳಿಯದಂತೆಯೇ ನನ್ನ ಬೆರಳುಗಳು ಕರವಸ್ತ್ರದ ಅಂಚನ್ನು ಹಿಡಿದು ಚಿವುಟುತ್ತಿದ್ದವು, ಚಿವುಟಿ ಬಿಡುತ್ತಿದ್ದವು, ಮತ್ತೆ ಚಿವುಟುತ್ತಿದ್ದವು. ಅವಳು ದಡಕ್ಕನೆ ಎದ್ದು ಎರಡೂ ಕದ ದಾಟಿ ಓಡಿದಳು. ವಾಪಸು ಬಂದಾಗ ಅವಳ ಓಢಣಿಯಲ್ಲಿ ಗಂಗಕ್ಕನ ಮೆಣಸಿನಕಾಯಿ.

"ಉಡಿ ಒಡ್ಡು, ಆಯಿ" ಎಂದಳು.

ನಮ್ಮಲ್ಲಿ ಮುತ್ತೈದೆಗೆ ಉಡಿ ತುಂಬುವುದು ಅಕ್ಕಿ, ಕೊಬ್ಬರಿ, ಬೆಲ್ಲದಿಂದ. ನನ್ನ ಮಗಳ ಮಗಳು ಸರ್ಕಾರದ ಸ್ಟುಡಿಯೋದಲ್ಲಿ ನಿಂತು ನನ್ನ ಸೆರಗಿಗೆ ಒಂದು ಉಡಿ ಮೆಣಸಿನಕಾಯಿ ಸುರಿದಳು. ಸಾಹೇಬರು, "ರೇಖಾ! ಇದೇನು—" ಎಂದು ಅರ್ಧ ಎದ್ದರು. ಅಷ್ಟರಲ್ಲಿ ಹಾಡು ಮುಗಿದು ಕೆಂಪು ಬಲ್ಬು ಹತ್ತಿತು. ಆ ಬಲ್ಬು ಹತ್ತಿದ ಮೇಲೆ ಯಾರೂ ಯಾರಿಗೂ ಬೈಯುವಂತಿಲ್ಲ. ಆ ಕಟ್ಟಡದಲ್ಲಿ ನನಗೆ ಹಿಡಿಸಿದ ಸೌಲಭ್ಯ ಅದೊಂದೇ. ಸಾಹೇಬರು ಬಾಯಿ ತೆರೆದುಕೊಂಡೇ ಕೂತರು.

ಒಂದು ಕಾಯಿ ಎತ್ತಿದೆ. ತೊಟ್ಟು ಮುರಿದೆ. ಬಾಯಿ ತಾನಾಗಿಯೇ ಬಿಚ್ಚಿತು.

"ಈ ಜಾಗದ ಸುದ್ದಿ ಏನ್ ಕೇಳ್ತೀರಿ ಸಾಹೇಬ್ರ, ನೀವು ಕುಂತೀರಲ್ಲ, ಅಲ್ಲೇ ನಮ್ಮ ಅತ್ತಿ ಕಾಯಿ ಹರವಾಕಿ. ಯಾರರ ತುಳದ್ರ ಅಂದ್ರ ಅವರ ಮನಿತನ ಎಲ್ಲಾ ಎತ್ತಿ ಝಾಡಿಸಾಕಿ…" ಎಂದು ಹಿಡಿದವಳು ನಿಲ್ಲಿಸಲಿಲ್ಲ. ಶ್ರಾವಣದಲ್ಲಿ ಜಾಗ ನೋಡಲು ಬಂದದ್ದು ಹೇಳಿದೆ. ಗಂಗಕ್ಕನ ಅರ್ಧ ಮಾತು ಕೇಳಿ ಜೀಪು ಹತ್ತಿದ್ದು ಹೇಳಿದೆ. ಹೇಳಲೇಬಾರದ ಉದ್ಘಾಟನೆಯ ಕೆಮ್ಮನ್ನೂ, ಬೋಳಾದ ಏಲಕ್ಕಿ ಹಾರವನ್ನೂ ಹೇಳಿಬಿಟ್ಟೆ. ರೇಖಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕೈಯಲ್ಲಿ ಕಾಯಿ ಇದ್ದಾಗ ಕಾಲು ತುಳಿದರೆ ನನಗೆ ಗೊತ್ತಾಗುವುದಿಲ್ಲ. ಕಾಯಿಯೊಳಗಿನ ಬೀಜ ಮಾತ್ರ ಸಣ್ಣಗೆ ಗಿಲಿಗಿಲಿ ಎನ್ನುತ್ತಿತ್ತು. ಬಳೆ ಕಟ್ಟಿಸಿದವರು ಅದನ್ನು ಹೇಗೆ ಕಟ್ಟಿಸಿಯಾರು?

ಮೊದಲು ಸಾಹೇಬರ ಕಣ್ಣಲ್ಲಿ ನೀರು ಬಂತು. ನನ್ನ ಮಾತು ಮನಸ್ಸಿಗೆ ತಾಗಿತೆಂದು ತಿಳಿದು ಇನ್ನಷ್ಟು ಹುರುಪಿನಿಂದ ತೊಟ್ಟು ಮುರಿದೆ. ಆಮೇಲೆ ಅವರ ಸರದಿ ಬಂತು, ಸೌಲಭ್ಯಗಳದ್ದು. "ಕೇಳುಗರೇ, ನಮ್ಮ ಸ್ಟುಡಿಯೋದ ವೈಶಿಷ್ಟ್ಯ ಏನೆಂದರೆ," ಎಂದು ಒಮ್ಮೆ ಕೆಮ್ಮಿದರು, "ಹೊರಗಿನ ಯಾವ ತೊಂದರೆಯೂ," ಮತ್ತೆ ಕೆಮ್ಮು, "ಒಳಗೆ ಬಾರದಂತೆ," ಎಂದವರು ಅಲ್ಲಿಂದ ಮುಂದೆ ಹೋಗಲಿಲ್ಲ. ಹಾಗೆಯೇ ಎದ್ದು, ಕೈಯಾಡಿಸುತ್ತ, ಕದ ಹುಡುಕುತ್ತ ಹೊರಟುಹೋದರು. ಅವರ ಜಾಗಕ್ಕೆ ಆ ಹೊತ್ತಿನ ಡ್ಯೂಟಿಯ ಇನ್ನೊಬ್ಬರನ್ನು ಕಳಿಸಿದರು. ಅವರು ಕುರ್ಚಿ ಎಳೆದು, ನಮಸ್ಕಾರ ಅನ್ನುವುದರೊಳಗೆ ಸೀನಿ, ಬಂದ ದಾರಿಯಲ್ಲೇ ಮರಳಿದರು. ಯಾವ ಕದಗಳು ಇಷ್ಟು ವರ್ಷ ಘಾಟನ್ನು ಹೊರಗಿಡಲು ಹೆಣಗಿದವೋ ಅವೇ ಈಗ ಅದನ್ನು ಒಂದಿಷ್ಟೂ ಸೋರದಂತೆ ಒಳಗೆ ಕಾಯುತ್ತಿದ್ದವು. ರಬ್ಬರು ಹಾಕಿಸಿದವರ ಕೆಲಸ ಗಟ್ಟಿಯಾಗಿತ್ತು ಎಂದು ಒಪ್ಪಲೇಬೇಕು.

ಫೋನು ಬಂತು. ಐರಣಿಯಿಂದ ಯಾರೋ ಹಿರಿಯರು. "ಅಲ್ರಿ, ಅಲ್ಲಿ ಸ್ಟುಡಿಯೋದಾಗ ಯಾರಿಗರ ಆರಾಮಿಲ್ಲೇನ್ರಿ? ನಾ ಕೇಳಾಕತ್ತಾಗಿಂದ ಕೆಮ್ಮಾಕತ್ತಾರ."

ರೇಖಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಅವಳ ತಿದ್ದಿದ ಮಾತು ಎಲ್ಲಿ ಹೋಯಿತೋ, "ಯಾರಿಗೂ ಏನೂ ಆಗಿಲ್ರಿ ಅಜ್ಜಾರ, ನಮ್ಮ ಆಯಿ ಇಲ್ಲೇ ಕುಂತು ಮೆಣಸಿನಕಾಯಿ ತೊಟ್ಟು ಬಿಡಸಾಕತ್ತಾಳ. ಸಾಹೇಬ್ರು ಜರಾ ಹೊರಗ ಗಾಳಿ ತಗೊಳಾಕ ಹೋಗ್ಯಾರ" ಎಂದುಬಿಟ್ಟಳು.

ಆ ಅಜ್ಜ ನಕ್ಕದ್ದು ನಮಗಿಬ್ಬರಿಗೂ ಕೇಳಿಸಿತು. "ಹಂಗಾರ ಸಾಹೇಬ್ರಿಗೆ ಒಂದು ಚೂರು ಬೆಲ್ಲ ಕೊಡ್ರಿ, ನಿಂದರತೈತಿ" ಎಂದ. ಅಲ್ಲಿಂದ ಸುರುವಾಯಿತು. ಅಗಡಿಯ ಹೆಣ್ಣುಮಗಳೊಬ್ಬಳು ಬೆಲ್ಲದಿಂದ ಏನೂ ಆಗುವುದಿಲ್ಲ, ತುಪ್ಪ ನೆಕ್ಕಿಸಬೇಕು ಎಂದಳು. ರಾಣೆಬೆನ್ನೂರಿನವರೊಬ್ಬರು ಅಗಡಿಯವಳ ಮಾತನ್ನು ಖಂಡಿಸಿ ಬಿಸಿನೀರಿಗೆ ಅರಿಸಿನ ಎಂದರು. ಹಾವೇರಿಯ ಒಬ್ಬ ಗೃಹಸ್ಥರು, ಏಲಕ್ಕಿ ಹಾರ ಕಟ್ಟುವವರ ಪೈಕಿಯವರಂತೆ, ಹಾರ ಬೋಳಾದ ಸುದ್ದಿಗೆ ಸ್ವಲ್ಪ ಸಿಟ್ಟಾಗಿ, ಚೆನ್ನಾಗಿ ಕಟ್ಟಿದ ಹಾರದಿಂದ ಏಲಕ್ಕಿ ಕೀಳಲು ಬರುವುದೇ ಇಲ್ಲ ಎಂದು ವಾದಿಸಿದರು. ನಾನು, "ಕೆಮ್ಮು ಬಂದವಗ ಎಲ್ಲಾ ಬರತೈತ್ರಿ" ಎಂದೆ. ಕೇಂದ್ರದ ಇತಿಹಾಸವನ್ನೂ ಸೌಲಭ್ಯಗಳನ್ನೂ ಆಮೇಲೆ ಯಾರೂ ಕೇಳಲಿಲ್ಲ. ರೇಖಾ ಒಬ್ಬಳೇ ಒಬ್ಬರನ್ನು ಮಾತಾಡಿಸಿ, ಒಬ್ಬರನ್ನು ಸುಮ್ಮನಿರಿಸಿ, ನಗಿಸಿ, ಹೊತ್ತಿಗೆ ಸರಿಯಾಗಿ ಮುಗಿಸಿದಳು. ಒಮ್ಮೆಯೂ ಕೆಮ್ಮಲಿಲ್ಲ. ಮೆಣಸಿನಕಾಯಿ ರಾಶಿಯ ಸುತ್ತ ಅಂಬೆಗಾಲಿಟ್ಟವಳು ಯಾಕೆ ಕೆಮ್ಮುತ್ತಾಳೆ?

ಹೊರಗೆ ಬಂದರೆ ಸಾಹೇಬರು ಬೇವಿನ ಗಿಡದ ಕೆಳಗೆ ಕೂತಿದ್ದರು. ಗಂಗಕ್ಕ ತನ್ನ ಚೀಲದ ಮೂಲೆಯಿಂದ ತೆಗೆದ ಬೆಲ್ಲ ಅವರ ಬಾಯಲ್ಲಿತ್ತು. ರೇಖಾ ಕೈಕಟ್ಟಿ ನಿಂತಳು. ಪೇಟೆ ಧಾರಣೆ ಅವಳ ಕಣ್ಣಲ್ಲಿ ಕಾಣುತ್ತಿತ್ತು.

ಸಾಹೇಬರು ಕಣ್ಣೊರೆಸಿಕೊಂಡು ಅವಳನ್ನು ನೋಡಿ, "ನಿಮಗೆ ಕೆಮ್ಮು ಬರಲ್ವಾ?" ಎಂದರು.

"ನಮಗ ಬರೂದಿಲ್ರಿ ಸರ್" ಎಂದಳು.

"ಸುಗ್ಗಿ ಪೂರ್ತಿ?"

"ಹುಟ್ಟಿದಾಗಿಂದ್ರಿ."

ಅವರು ಬೆಲ್ಲವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ ಯೋಚಿಸಿದರು. ಮರುದಿನದಿಂದ ಬೆಳಗಿನ ಕಾರ್ಯಕ್ರಮ ರೇಖಾಳದ್ದು. ಊರಿನ ವಾಸನೆಯ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಸರ್ಕಾರ ಪೂರ್ತಿ ಸೋಲುವುದು ಎಲ್ಲಾದರೂ ಉಂಟೇ? ಸುಗ್ಗಿ ಇರುವವರೆಗೆ ಮಾತ್ರ ಅವಳು, ಆಮೇಲೆ ನೋಡೋಣ ಎಂದಿದ್ದಾರೆ. ಹೀಗಾಗಿ ಈ ವರ್ಷ ಕಾಯಿ ಬರುವುದು ನಿಲ್ಲದಿರಲಿ ಎಂದು ರೇಖಾ ಕದರಮಂಡಲಗಿಯ ಹನುಮಪ್ಪನಿಗೆ ಬೇಡಿಕೊಂಡಿದ್ದಾಳೆ. ಲಗೂ ನಿಲ್ಲಲಿ ಎಂದು ಸಾಹೇಬರು ಬೇಡಿಕೊಂಡಿದ್ದಾರೆ. ಇಬ್ಬರೂ ಒಂದೇ ಶನಿವಾರ ಒಂದೇ ಬಸ್ಸಿನಲ್ಲಿ ಹೋಗಿಬಂದರು. ಹನುಮಪ್ಪ ಏನು ಮಾಡುತ್ತಾನೋ, ಅದು ಅವನ ತಲೆನೋವು.

ಆ ದಿನ ಮನೆಗೆ ಬಂದಾಗ ನಮ್ಮ ಯಜಮಾನರು ರೇಡಿಯೋದ ಬೆನ್ನು ಬಿಚ್ಚಿ ಕೂತಿದ್ದರು. "ಯಾಕ್ರಿ, ಏನಾಗೈತಿ ಅದಕ್ಕ?" ಎಂದೆ.

"ಸಾಹೇಬ್ರು ನಿನ್ನ ಏನೋ ಕೇಳಿದ್ರು, ನಿನ್ನ ದನೀನ ಬರ್ಲಿಲ್ಲ. ರೇಡಿಯೋ ಕೆಟ್ಟೈತಿ ಅಂತ ತಿಳದು ನಾಕು ಬಡದೆ. ಬಡದಿದ್ದಕ್ಕ ಖರೇನ ಕೆಟ್ಟತು" ಎಂದರು. ಹೀಗಾಗಿ ನಾನು ಮುಂದೆ ಆಡಿದ್ದನ್ನೆಲ್ಲ ಐರಣಿಯವರು ಕೇಳಿದರು, ಅಗಡಿಯವರು ಕೇಳಿದರು, ಗಂಡ ಕೇಳಿದ್ದು ನನ್ನ ಮೌನವನ್ನು ಮಾತ್ರ. ಬಹಳ ಚಲೋ ಇತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ನಮ್ಮ ಕೇಂದ್ರದಲ್ಲಿ ಈಗ ಒಂದು ಸೌಲಭ್ಯ ಹೆಚ್ಚಾಗಿದೆ. ಮೊದಲ ಕದದ ಪಕ್ಕ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಹಳೆಯ ಬೋರ್ಡಿನ ಕೆಳಗೆ ಹೊಸ ಬೋರ್ಡು ಹೊಡೆದಿದ್ದಾರೆ: 'ಸ್ಟುಡಿಯೋದೊಳಗೆ ಮೆಣಸಿನಕಾಯಿ ತರಬಾರದು.' ಅಷ್ಟು ದೊಡ್ಡ ಕಟ್ಟಡದ ಇತಿಹಾಸದಲ್ಲಿ ನನ್ನ ಪಾಲು ಅದು. ಹೆಸರು ಹಾಕಿಲ್ಲ, ಆದರೆ ಯಾರಿಗಾಗಿ ಬರೆದದ್ದೆಂದು ಊರಿಗೆಲ್ಲ ಗೊತ್ತು. ರೇಖಾಗೆ ಬುತ್ತಿ ಕೊಡಲು ಹೋದಾಗಲೆಲ್ಲ ಅದರ ಮುಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬೋರ್ಡಿನಲ್ಲಿ ಹೇಳಿದಂತೆ ಚಪ್ಪಲಿ ಹೊರಗೆ ಬಿಡುತ್ತೇನೆ. ಸೆರಗಿನ ಗಂಟಿನಲ್ಲಿರುವ ನಾಲ್ಕು ಕಾಯಿಯನ್ನು ಮಾತ್ರ ಬಿಚ್ಚುವುದಿಲ್ಲ. ಯಾರಾದರೂ ಮತ್ತೆ ಮೈಕಿನ ಮುಂದೆ ಕರೆದಾರು ಎಂಬ ಆಸೆ ನನಗೇನೂ ಇಲ್ಲ. ಹಾಗೆಂದು ರೇಖಾಗೆ ಹೇಳಿದ್ದೇನೆ, ಗಂಗಕ್ಕನಿಗೂ ಹೇಳಿದ್ದೇನೆ. ಬುತ್ತಿ ಕೊಟ್ಟ ಮೇಲೂ ಬೇವಿನ ಗಿಡದ ಕೆಳಗೆ ಒಂದಿಷ್ಟು ಹೊತ್ತು ಕೂತು ಬರುತ್ತೇನೆ, ಬಿಸಿಲು ತಾಳಲಾಗುವುದಿಲ್ಲ ಎಂದು. ಇನ್ನೂ ಯಾರೂ ಕರೆದಿಲ್ಲ.